ಕೋಲ್ಡ್ ಸ್ಟೋರಿನವರ ಗೋಸುಂಬೆ

ಜುಲೈ ತಿಂಗಳ ನಡುಮಧ್ಯಾಹ್ನ, ಶುವೈಖಿನ ಗೋದಾಮುಗಳ ಬೀದಿಯಲ್ಲಿ, ದಪ್ಪ ಜಾಕೆಟ್ ತೊಟ್ಟು ಗೋಡೆಗೆ ಒರಗಿ, ಕಣ್ಣು ಮುಚ್ಚಿ ಬಿಸಿಲು ಕಾಯುತ್ತ ನಿಂತ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಆ ಹೊತ್ತಿನಲ್ಲಿ ಕುವೈತಿನ ಬೆಕ್ಕುಗಳೂ ಕಾರಿನ ಅಡಿಯಿಂದ ಹೊರಗೆ ಬರುವುದಿಲ್ಲ. ನಾನು ಗ್ಯಾರೇಜಿನಲ್ಲಿ ಕಾರು ರಿಪೇರಿಗೆ ಬಿಟ್ಟು, ಎದುರಿನ ಅಂಗಡಿಯ ಏಸಿಯೊಳಗೆ ಮಜ್ಜಿಗೆ ಕುಡಿಯುತ್ತ ಕೂತಿದ್ದೆ. ಅಯ್ಯೋ ಪಾಪ, ಯಾರೋ ತಲೆ ಕೆಟ್ಟವರಿರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಅವರು ಕಣ್ಣು ತೆರೆದು, ಮೈ ಕೊಡವಿಕೊಂಡು, ಕೋಲ್ಡ್ ಸ್ಟೋರೇಜಿನ ದಪ್ಪ ಬಾಗಿಲು ಎಳೆದು ಒಳಗೆ ಹೋದರು.

ಅದೇ ಸಂಜೆ ಬ್ನೇದ್ ಅಲ್ ಗಾರಿನ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಅದೇ ಜಾಕೆಟ್! ನಾನು ಫೋನಿನಲ್ಲಿ ಯಜಮಾನರ ಜೊತೆ ಕೊತ್ತಂಬರಿ ಸೊಪ್ಪಿನ ವಿಷಯಕ್ಕೆ ಜಗಳವಾಡುತ್ತಿದ್ದೆ. ಮಾತು ಮುಗಿಯುವವರೆಗೆ ಕಾದು ಅವರು ಕೇಳಿದರು: "ನೀವು ಮೈಸೂರು ಕಡೆಯವರಾ? ಬೈಗುಳ ಕೇಳಿಯೇ ಗೊತ್ತಾಯ್ತು. ಬೈದ್ರೂ ಮೆತ್ತಗುಂಟು."

ಉಡುಪಿಯ ಹತ್ತಿರದ ತುಳು ಮಾತಿನವರು. ನಮ್ಮ ಮೇಲಿನ ಮಹಡಿಗೆ ಹೊಸದಾಗಿ ಬಂದಿದ್ದರು. ಕೋಲ್ಡ್ ಸ್ಟೋರಿನಲ್ಲಿ ಮೀನು, ಕೋಳಿಯ ದಾಸ್ತಾನಿಗೆ ಅವರೇ ಮುಖ್ಯಸ್ಥರು. ಮಧ್ಯಾಹ್ನ ಕಂಡದ್ದನ್ನು ಹೇಳಿದೆ. ನಾಚಿಕೆಪಡಲಿಲ್ಲ. "ಮೈನಸ್ ಹದಿನೆಂಟರಲ್ಲಿ ನಿಂತು ಬಂದವನಿಗೆ ಆ ಬಿಸಿಲು ಸ್ವರ್ಗ ಮಾರಾಯ್ರೆ. ಸ್ವಲ್ಪ ಹೊತ್ತು ಮಾತ್ರ. ಮತ್ತೂ ನಿಂತ್ರೆ ಸಾವು," ಎಂದರು. ನಮ್ಮ ಮಹಡಿ ಬಂತು. ನಾನು ಇಳಿದ ಮೇಲೆ ಅವರು ಲಿಫ್ಟಿನಿಂದ ತಲೆ ಹೊರಗೆ ಹಾಕಿ, "ಕೊತ್ತಂಬರಿ ನನ್ನಲ್ಲಿ ಉಂಟು, ಕಳಿಸ್ತೇನೆ," ಎಂದರು.

ಅವರನ್ನು ಕಂಡರೆ ಕಟ್ಟಡದವರೆಲ್ಲ ಸ್ವಲ್ಪ ಹೆದರುತ್ತಿದ್ದರು. ಗಟ್ಟಿ ದನಿ, ಮುಖದ ಮೇಲೆ ಹೊಡೆದ ಹಾಗೆ ಮಾತು. ಯಾರ ಮನೆಗೆ ಊಟಕ್ಕೆ ಹೋದರೂ ಸಾರಿನಲ್ಲಿ ಹುಳಿ ಕಡಿಮೆಯಾಗಿದ್ದರೆ ಕಡಿಮೆಯಾಗಿದೆ ಎಂದೇ ಹೇಳುವವರು. ಹೇಳಿ ಎರಡನೇ ಸಲ ಬಡಿಸಿಕೊಳ್ಳುವವರೂ ಅವರೇ. ಹೆಂಡತಿ ಮಗಳ ಬಾಣಂತನಕ್ಕೆಂದು ಊರಿಗೆ ಹೋದವರು, ಮಂಡಿನೋವು ಹಿಡಿದು ಅಲ್ಲೇ ನಿಂತುಬಿಟ್ಟಿದ್ದರು. ಅವರಿಲ್ಲದ ಮನೆಯಲ್ಲಿ ಇವರು ಒಬ್ಬರೇ ನೀರುದೋಸೆ ಹೊಯ್ದುಕೊಂಡು, ಒಬ್ಬರೇ ಟಿವಿಯ ಜೊತೆ ವಾದ ಮಾಡಿಕೊಂಡು ಇದ್ದರು.

ಇನ್ನು ಗೋಸುಂಬೆಯ ಕಥೆ. ನಮ್ಮ ಮನೆಗೆ ಬಂದವರೆಲ್ಲ "ಇದೇನ್ರೀ ಇದು, ಬೆಕ್ಕು ಸಾಕ್ತಾರೆ, ಗಿಳಿ ಸಾಕ್ತಾರೆ, ನಿಮಗ್ಯಾಕೆ ಈ ಬುದ್ಧಿ ಬಂತು?" ಎಂದು ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದು ಇಡುತ್ತಿದ್ದೇನೆ.

ಇಲ್ಲಿ ಒಂದು ಪದ್ಧತಿ ಇದೆ. ಯಾರಾದರೂ ಇಕಾಮಾ, ಅಂದರೆ ಇಲ್ಲಿನ ವಾಸದ ಪರವಾನಗಿ, ರದ್ದು ಮಾಡಿಸಿ ಖಾಯಂ ಊರಿಗೆ ಹೊರಟರೆಂದರೆ ಅವರ ಮನೆ ಹತ್ತು ಮನೆಗಳಿಗೆ ಹಂಚಿಹೋಗುತ್ತದೆ. ಮಂಚ ಒಬ್ಬರಿಗೆ, ಮಿಕ್ಸಿ ಇನ್ನೊಬ್ಬರಿಗೆ, ಬಾಲ್ಕನಿಯ ಕರಿಬೇವಿನ ಕುಂಡ ಮತ್ತೊಬ್ಬರಿಗೆ. ಹೊರಟವರು ಕೊಟ್ಟದ್ದನ್ನು ಬೇಡ ಅನ್ನುವ ಹಾಗಿಲ್ಲ. ಹಾಗೆ ಬಂದ ಇಡ್ಲಿ ಪಾತ್ರೆಗಳೇ ನಮ್ಮ ಮನೆಯಲ್ಲಿ ಒಂದರ ಮೇಲೊಂದು ಕೂತಿವೆ. ನಮ್ಮ ಕೋಲ್ಡ್ ಸ್ಟೋರಿನವರ ಆಫೀಸಿನ ಫಿಲಿಪಿನೋ ಹೆಂಗಸೊಬ್ಬರು ದೇಶ ಬಿಡುವಾಗ ಇವರ ಪಾಲಿಗೆ ಬಂದದ್ದು ಜಾಲರಿಯ ಪಂಜರ, ಅದರೊಳಗೆ ಹಸಿರು ಮೈಯ, ತಲೆಯ ಮೇಲೆ ಟೊಪ್ಪಿಗೆಯಂಥ ಮೂಳೆ ಎದ್ದ ಯೆಮೆನ್ ಕಡೆಯ ಗೋಸುಂಬೆ. "ಕುಕ್ಕರ್ ಕೊಟ್ಟಿದ್ರೆ ಆಗ್ತಿತ್ತು. ಇದನ್ನು ಎಂತ ಮಾಡುದು?" ಎಂದು ಬೈದುಕೊಂಡೇ ಹೊತ್ತು ತಂದರು. ಪಂಜರಕ್ಕೆ ಲಿಫ್ಟಿನ ಬಾಗಿಲು ಹಿಡಿದವಳು ನಾನು.

ಮೂವತ್ತು ವರ್ಷ ಕೋಲ್ಡ್ ಸ್ಟೋರ್ ನೋಡಿಕೊಂಡವರು ಗೋಸುಂಬೆಯನ್ನೂ ಹಾಗೆಯೇ ನೋಡಿಕೊಳ್ಳಲು ಹೊರಟರು. ಕೋಲ್ಡ್ ಸ್ಟೋರಿನ ಧರ್ಮವೇನು? ಯಾವ ಮೂಲೆಗೆ ಹೋದರೂ ಒಂದೇ ಉಷ್ಣತೆ ಇರಬೇಕು. ಒಂದು ಮೂಲೆ ಬೆಚ್ಚಗಾಯಿತೋ, ಅಲ್ಲಿನ ಮೀನು ಕೆಟ್ಟಿತು. ಇವರು ಪಂಜರದ ಜಾಲರಿಯ ಸುತ್ತ ಪ್ಲಾಸ್ಟಿಕ್ ಹಾಳೆ ಬಿಗಿದರು. ಮೇಲೆ ಬಲ್ಬು, ಕೆಳಗೆ ಬಲ್ಬು, ಮೂಲೆ ಮೂಲೆಗೆ ಥರ್ಮಾಮೀಟರು. ನನ್ನನ್ನು ಕರೆದು ತೋರಿಸಿದರು: "ನೋಡಿ, ಎಲ್ಲಾ ಕಡೆ ಮೂವತ್ತೆರಡು. ಒಂದು ಪಾಯಿಂಟ್ ಆಚೀಚೆ ಇಲ್ಲ." ಮದುವೆ ಮನೆಯ ಅಡುಗೆಭಟ್ಟರು ಲಾಡು ತೋರಿಸುವ ಹಾಗೆ ತೋರಿಸಿದರು.

ಎರಡು ದಿನಕ್ಕೆ ಅದರ ಬಣ್ಣ ಒಗೆದು ಒಗೆದು ಮಾಸಿದ ಬಟ್ಟೆಯಂತಾಯಿತು. ಬಾಯಿ ತೆರೆದುಕೊಂಡು ಕೂತಿತು. ಹಸಿವಾಗಿದೆ ಎಂದು ಇವರು ಜೀರುಂಡೆ ತಂದು ಹಿಡಿದರು. ತಿನ್ನಲಿಲ್ಲ. ಬಾಯಿ ಮುಚ್ಚಲೂ ಇಲ್ಲ. ಟವೆಲ್ ಮುಚ್ಚಿದ ಪಂಜರವನ್ನು ಕಾರಿನಲ್ಲಿಟ್ಟುಕೊಂಡು ಪ್ರಾಣಿವೈದ್ಯರ ಹತ್ತಿರ ಓಡಿದೆವು. ಗಾಡಿ ಓಡಿಸಿದ್ದು ನಾನು, ಇವರು ಹಿಂದಿನ ಸೀಟಿನಲ್ಲಿ ಪಂಜರ ಹಿಡಿದು ಕೂತಿದ್ದರು.

ವೈದ್ಯರು ಸಿರಿಯಾದವರು, ನಗುಮುಖದವರು. ಅವರು ಬಿಡಿಸಿ ಹೇಳಿದರು: ನಮ್ಮ ಹಾಗೆ ಈ ಪ್ರಾಣಿಗೆ ಮೈಯೊಳಗೆ ಒಲೆ ಇಲ್ಲ, ಬೆವರೂ ಇಲ್ಲ. ಚಳಿಯಾದರೆ ಬಿಸಿಯಿರುವ ಕಡೆಗೆ ನಡೆದುಹೋಗುತ್ತದೆ, ಸೆಕೆಯಾದರೆ ನೆರಳಿಗೆ ಹೋಗುತ್ತದೆ. ಅದರ ಉಪಾಯ ಅಷ್ಟೇ. ಬಾಯಿ ತೆರೆದದ್ದು ಹಸಿವಿಗಲ್ಲ, ಸೆಕೆ ತಾಳಲಾರದೆ. ನೀವು ಎಲ್ಲ ಕಡೆಯೂ ಒಂದೇ ಮಾಡಿಟ್ಟಿದ್ದೀರಿ. ಅದು ಎಲ್ಲಿಗೆ ಹೋಗಬೇಕು?

ಬರುವಾಗ ಇವರು ಟವೆಲ್ ಸರಿಸಿ ಸರಿಸಿ ಪಂಜರದೊಳಗೆ ಇಣುಕುತ್ತಿದ್ದರು. ಸಿಗ್ನಲ್ಲಿನಲ್ಲಿ ಒಮ್ಮೆಗೇ ಹೇಳಿದರು: "ನನ್ನ ಸ್ಟೋರಿನಲ್ಲಿ ಒಂದು ಮೂಲೆ ಬೆಚ್ಚಗಾದ್ರೆ ನನ್ನ ಕೆಲಸ ಹೋಗ್ತದೆ. ಇಲ್ಲಿ ಎಲ್ಲಾ ಮೂಲೆ ಬೆಚ್ಚಗೆ ಮಾಡಿ ಇವನ ಜೀವ ತೆಗೀತಿದ್ದೆನಲ್ಲ ಮಾರಾಯ್ರೆ."

ಅಂದಿನಿಂದ ಅದು 'ಇದು' ಹೋಗಿ 'ಇವ' ಆಯಿತು. ಹೆಸರಿಡಿ ಅಂದರೆ, "ಇವನಿಗೆ ಕಿವಿಯೇ ಇಲ್ಲ, ಹೆಸರು ಕಟ್ಟಿ ಎಂತ ಮಾಡುದು?" ಎನ್ನುವರು. ಪ್ಲಾಸ್ಟಿಕ್ ಕಿತ್ತು ಬಿಸಾಕಿದರು. ಮೇಲಿನ ಒಂದು ಮೂಲೆಗೆ ಮಾತ್ರ ಬಿಸಿ ಬಲ್ಬು, ಅದರಿಂದ ಒಂದು ಗೇಣು ಕೆಳಗೆ ಕೊಂಬೆ. ಕೊಂಬೆಯ ಮಟ್ಟದಲ್ಲಿ ತಮ್ಮ ಅಂಗೈಯ ಹಿಂಬದಿ ಹಿಡಿದು ನೋಡುವರು. ಕೈಗೆ ಹಿತವಾಗಿರಬೇಕು, ಚುರುಕ್ಕೆನ್ನಬಾರದು. ಕಿಟಕಿಯ ಗಾಜಿನಿಂದ ತೂರಿ ಬರುವ ಬಿಸಿಲಿನಲ್ಲಿ ಸತ್ವವಿರುವುದಿಲ್ಲ ಎಂದು ವೈದ್ಯರು ಹೇಳಿದ್ದರಿಂದ ಅದಕ್ಕೆ ಬೇರೆ ಟ್ಯೂಬ್ ಲೈಟು. ಕೆಳಗೆ ದಾಸವಾಳದ ಕುಂಡ, ತಂಪು ನೆರಳು. ಎಲೆಗಳ ಮೇಲೆ ನೀರು ಚಿಮುಕಿಸಿದರೆ ಅದು ಹನಿಗಳನ್ನು ನೆಕ್ಕಿ ಕುಡಿಯುತ್ತಿತ್ತು. ಕತ್ತಲಾದರೆ ಎಲ್ಲ ದೀಪ ಬಂದ್. "ರಾತ್ರಿ ತಂಪು ಬೇಕು ಇವನಿಗೆ. ಬೆಟ್ಟದವ ಅಲ್ವಾ!"

ಶುಕ್ರವಾರದ ಬೆಳಗ್ಗೆ ನಾನು ಮೇಲಕ್ಕೆ ಹೋಗುತ್ತಿದ್ದೆ. ಅವರು ಚಹಾ ಕೊಟ್ಟು, ಪಂಜರದಿಂದ ದೂರ, ಕೋಣೆಯ ಆ ತುದಿಯ ಕುರ್ಚಿಯಲ್ಲಿ ಕೂರಿಸುವರು. ದೀಪ ಹತ್ತಿದ ಮೇಲೆ ಗೋಸುಂಬೆ ಒಂದೊಂದೇ ಕಾಲು ಎತ್ತಿಟ್ಟು, ಹಿಂದೆ ಮುಂದೆ ತೂಗಿ, ಕೊಂಬೆ ಹತ್ತುತ್ತಿತ್ತು. ಬಲ್ಬಿನ ಕಡೆಯ ಮೈ ಮಾತ್ರ ಕಪ್ಪಗಾಗುತ್ತಿತ್ತು. ಪಕ್ಕೆಲುಬು ಹಿಗ್ಗಿಸಿ ಮೈಯನ್ನು ಹಪ್ಪಳದಂತೆ ಅಗಲ ಮಾಡಿ ದೀಪಕ್ಕೆ ಒಡ್ಡುತ್ತಿತ್ತು. ಆ ಬದಿ ಕಾದ ಮೇಲೆ ಈ ಬದಿ. ಎರಡೂ ಕಾದ ಮೇಲೆ ತಿಳಿಹಸಿರಾಗಿ, ಏನೂ ನಡೆದೇ ಇಲ್ಲವೆಂಬಂತೆ ದಾಸವಾಳದ ಕಡೆಗೆ ಇಳಿಯುತ್ತಿತ್ತು. ನಾನೊಮ್ಮೆ ಉತ್ಸಾಹಕ್ಕೆ ಎದ್ದು ಹತ್ತಿರ ಹೋದೆ. ಅದು ತಟ್ಟನೆ ಕೊಂಬೆಯ ಮರೆಗೆ ಸರಿಯಿತು.

"ಕೂತ್ಕೊಳ್ಳಿ!" ಎಂದು ಗದರಿದರು. "ಮನುಷ್ಯರು ಹತ್ತಿರ ಬಂದ್ರೆ ಇವ ಕಾಯುದು ಬಿಟ್ಟು ಅಡಗ್ತಾನೆ. ಕಾಯದಿದ್ರೆ ತಿಂದದ್ದು ಕರಗುದಿಲ್ಲ. ನಿಮಗೆ ಚಂದ ಕಂಡಿತು ಅಂತ ಇವ ಉಪವಾಸ ಬೀಳ್ಬೇಕಾ?"

ನನಗೂ ಸಿಟ್ಟು ಬಂತು. "ಏನ್ ಅಂಕಲ್, ಗೋಸುಂಬೆಗೂ ಇಷ್ಟೊಂದು ಮರ್ಯಾದೆನಾ? ನಮ್ಮಲ್ಲಿ ರಾಜಕಾರಣಿಗಳನ್ನ ಬೈಯೋಕೆ ಇಟ್ಕೊಂಡಿರೋ ಪದ ಅದು."

"ಅವರು ಬಣ್ಣ ಬದಲಿಸುದು ಲಾಭಕ್ಕೆ. ಇವ ಬದಲಿಸುದು ಚಳಿಗೆ. ಹೋಲಿಸ್ಬೇಡಿ, ಇವನಿಗೆ ಬೇಜಾರಾಗ್ತದೆ," ಎಂದು ನನ್ನ ಲೋಟಕ್ಕೆ ಇನ್ನಷ್ಟು ಚಹಾ ಸುರಿದರು.

ಆಮೇಲೆ ನಿವೃತ್ತಿ ಬಂತು. ಕಂಪನಿ ಹಾರ ಹಾಕಿ ಕಳಿಸಿತು. ಇಕಾಮಾ ಮುಗಿಯುವ ದಿನ ಹತ್ತಿರವಾಯಿತು. ಊರಿನಲ್ಲಿ ಹೆಂಡತಿಯ ಮಂಡಿಗೆ ಆಪರೇಷನ್ ಆಗಬೇಕಿತ್ತು. ಗಂಡ ಬಂದು ಪಕ್ಕದಲ್ಲಿ ನಿಲ್ಲದೆ ಆಪರೇಷನ್ ಮಾಡಿಸಿಕೊಳ್ಳುವುದಿಲ್ಲ ಎಂದು ಆಕೆ ಹಟ ಹಿಡಿದಿದ್ದರು. ಇವರ ಮನೆಯ ಸಾಮಾನೆಲ್ಲ ಪದ್ಧತಿಯಂತೆ ಹಂಚಿಹೋಯಿತು. ಉಳಿದದ್ದು ಒಂದು ಚಾಪೆ, ಒಂದು ಪಾತ್ರೆ, ಪಂಜರ. ಗೋಸುಂಬೆಯನ್ನು ವಿಮಾನದಲ್ಲಿ ಒಯ್ಯುವ ಹಾಗಿಲ್ಲ, ಕಾನೂನು ಬಿಡುವುದಿಲ್ಲ. ಇಲ್ಲೇ ಯಾರಿಗಾದರೂ ಕೊಡಬೇಕು. ಕೊಡಲು ಇವರಿಗೆ ಮನಸ್ಸಿಲ್ಲ. ಟಿಕೆಟ್ ಒಂದು ಸಲ ಮುಂದೆ ಹಾಕಿದರು, ಇನ್ನೊಂದು ಸಲ ಮುಂದೆ ಹಾಕಿದರು.

ಕೇಳಿದವರಿಲ್ಲ ಅಂತಲ್ಲ. ಕೊಡುವವರೇ ತೆಗೆದುಕೊಳ್ಳುವವರ ಮನೆ ನೋಡಲು ಹೋದದ್ದು ಕುವೈತಿನಲ್ಲಿ ಅದೇ ಮೊದಲಿರಬೇಕು. ಒಬ್ಬರ ಮನೆಯಲ್ಲಿ ಬೆಕ್ಕಿತ್ತು, ಇವರೇ ಬೇಡವೆಂದರು. ಇನ್ನೊಬ್ಬರು ಟಿವಿಯ ಪಕ್ಕದ ಷೋಕೇಸಿನಲ್ಲಿ ಬಣ್ಣದ ದೀಪ ಹಾಕಿ ಇಡುತ್ತೇವೆ ಎಂದರು. ಅಲ್ಲಿ ನೀರನ್ನೂ ಮುಟ್ಟದೆ ಎದ್ದು ಬಂದರು. ಮತ್ತೊಬ್ಬರು, "ಮರುಭೂಮಿ ಪ್ರಾಣಿ ಅಲ್ವಾ, ಬಾಲ್ಕನಿಯಲ್ಲಿ ಇದ್ದರಾಯ್ತು," ಎಂದರಂತೆ. "ಅವರ ಬಾಲ್ಕನಿಯಲ್ಲಿ ಅವರನ್ನೇ ಒಂದು ಮಧ್ಯಾಹ್ನ ಕಟ್ಟಿ ಹಾಕ್ಬೇಕು," ಎಂದು ಬಂದು ನನ್ನ ಮುಂದೆ ಹಾರಾಡಿದರು. ಶುಕ್ರವಾರದ ಸಂತೆಗೆ ಹೋಗಿ ಪ್ರಾಣಿ ಮಾರುವವರನ್ನೂ ನೋಡಿ ಬಂದರು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಗೋಸುಂಬೆಗಳು ಒಂದರ ಮೇಲೊಂದು ಬಿದ್ದಿದ್ದವಂತೆ, ಎಲ್ಲವೂ ಹೆದರಿಕೆಗೆ ಕಪ್ಪಾಗಿ. ಅದನ್ನು ಹೇಳುವಾಗ ಅವರ ದನಿ ಇಳಿದುಹೋಗಿತ್ತು.

ಒಂದು ಸಂಜೆ ಅವರ ಮನೆಯಲ್ಲಿ ನಾನಿದ್ದಾಗಲೇ ಹೆಂಡತಿಯ ಫೋನು ಬಂತು. ಸ್ಪೀಕರಿನಲ್ಲಿ ತುಳು ಮಾತು ಖಾಲಿ ಕೋಣೆಯಲ್ಲೆಲ್ಲ ಕೇಳಿಸಿತು: "ಈರ್ ಬರ್ಪರಾ ಇಜ್ಜಾ?" ನೀವು ಬರುತ್ತೀರೋ ಇಲ್ಲವೋ, ಅಷ್ಟೇ. ಮಿಕ್ಕದ್ದು ಅಳು. ಇವರು "ಬರ್ಪೆ, ಬರ್ಪೆ" ಎಂದು ಫೋನಿಟ್ಟರು.

ನನಗೆ ತಡೆಯಲಾಗಲಿಲ್ಲ. "ಅಂಕಲ್, ಆಂಟಿ ಅಲ್ಲಿ ಮಂಡಿ ಹಿಡ್ಕೊಂಡು ಕೂತಿದ್ದಾರೆ. ನೀವಿಲ್ಲಿ ಗೋಸುಂಬೆಗೆ ವರ ನೋಡಿದ ಹಾಗೆ ಮನೆ ನೋಡ್ತಿದ್ದೀರಿ. ಒಂಚೂರಾದ್ರೂ ಸರಿ ಅನ್ಸುತ್ತಾ ನಿಮಗೆ?"

ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಚಾಪೆಯ ಮೇಲೆ ಕೂತವರು ನೆಲ ನೋಡುತ್ತ ಹೇಳಿದರು: "ಸರಿ ಅಲ್ಲ. ಗೊತ್ತುಂಟು. ಆದ್ರೆ ಒಂದು ಮಾತು ಕೇಳಿ. ಇಷ್ಟು ವರ್ಷ ಈ ದೇಶದಲ್ಲಿ ನಾನು ಸತ್ತದ್ದನ್ನು ಕೆಡದ ಹಾಗೆ ನೋಡಿಕೊಂಡೆ. ಮೀನು, ಕೋಳಿ. ನನ್ನ ಮಕ್ಕಳಿಗೆ ಜ್ವರ ಬಂದದ್ದು, ಹಲ್ಲು ಬಂದದ್ದು ಎಲ್ಲಾ ಅವಳೇ ನೋಡಿದ್ದು, ನಾನು ಡ್ಯೂಟಿಯಲ್ಲಿ. ಜೀವ ಇರುವ ಒಂದನ್ನು ಬೆಳಗ್ಗೆ ಎದ್ದು ನೋಡಿಕೊಂಡದ್ದು ಅಂದ್ರೆ ಇವನೊಬ್ಬನನ್ನೇ. ಇವನನ್ನೂ ಸಾಯ್ಲಿಕ್ಕೆ ಬಿಟ್ಟು ಹೋದ್ರೆ ನಾನು ಇಲ್ಲಿ ಎಂತ ಮಾಡಿದ ಹಾಗಾಯ್ತು?"

ಬೇರೇನೂ ತೋಚದೆ, "ನಮ್ಮನೆ ನೋಡಿ ಹಾಗಾದ್ರೆ," ಎಂದುಬಿಟ್ಟೆ.

ಮರುದಿನವೇ ಥರ್ಮಾಮೀಟರ್ ಹಿಡಿದು ಬಂದರು. ನಮ್ಮ ಯಜಮಾನರು ಏಸಿಯನ್ನು ಹದಿನೆಂಟಕ್ಕೆ ಇಟ್ಟು ರಜಾಯಿ ಹೊದ್ದು ಮಲಗುವ ಗಿರಾಕಿ. ಇವರು ಹಾಲಿನಲ್ಲಿ ನಿಂತು, ಏಸಿ ಗಾಳಿ ಬೀಳುವಲ್ಲಿ ಕೈಯೊಡ್ಡಿ, ಒಂದೊಂದೇ ಕೋಣೆ ಸುತ್ತಿ ಬಂದು ತಲೆಯಾಡಿಸಿದರು. "ಆಗುದಿಲ್ಲ. ಇದು ನಮ್ಮ ಮೀನಿನ ಸ್ಟೋರಿಗಿಂತ ಕಡೆ."

ನೋಡಿ, ಗೋಸುಂಬೆ ಬೇಕೆಂದು ನಾನು ಕನಸಿನಲ್ಲೂ ಕೇಳಿದವಳಲ್ಲ. ಆದರೆ ನಮ್ಮ ಮನೆ ಆಗುವುದಿಲ್ಲ ಅಂದದ್ದೇ ಮೈಯೆಲ್ಲ ಉರಿದುಹೋಯಿತು. ಬೆಕ್ಕಿನ ಮನೆಯವರ ಸಾಲಿಗೆ, ಷೋಕೇಸಿನವರ ಸಾಲಿಗೆ ನಾವೂ ಸೇರಿದೆವೆಂದರೆ! ಬಟ್ಟೆ ಇಸ್ತ್ರಿ ಮಾಡುವ ಚಿಕ್ಕ ಕೋಣೆಯನ್ನು ಅಂದೇ ಖಾಲಿ ಮಾಡಿಸಿದೆ. ಏಸಿಯ ಗಾಳಿ ಬರುವ ಕಿಂಡಿಗೆ ರಟ್ಟು ಹೊಡೆಸಿದೆ. "ಈ ರಟ್ಟು ಮುಟ್ಟಿದರೆ ನೋಡಿ," ಎಂದು ಯಜಮಾನರಿಗೆ ಹೇಳಿದೆ. ಮತ್ತೆ ಕರೆಸಿದೆ. ಇಸ್ತ್ರಿ ಮೇಜಿನ ಮೇಲೆ ಕೂತು ಅವರು ಬಹಳ ಹೊತ್ತು ಪರೀಕ್ಷೆ ಮಾಡಿದರು. ಕೊನೆಗೆ "ನೋಡುವ," ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮೆಚ್ಚುಗೆ.

ಪಂಜರ ಕೆಳಗಿಳಿದು ನಮ್ಮ ಮನೆಗೆ ಬಂತು. ಟಿಕೆಟ್ ಇನ್ನೊಂದು ವಾರಕ್ಕಿತ್ತು. ಗೋಸುಂಬೆ ದಾಸವಾಳದ ಬುಡಕ್ಕೆ ಇಳಿದು ಕಪ್ಪಗೆ ಮುದುಡಿ ಕೂತಿತು. ದೀಪ ಹಾಕಿದರೂ ಕೊಂಬೆ ಹತ್ತಲಿಲ್ಲ. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಜೀರುಂಡೆಗಳು ಅದರ ಮುಂದೆಯೇ ಓಡಾಡಿಕೊಂಡಿದ್ದವು. ಇವರು ಬೆಳಗ್ಗೆಯೇ ಬಂದು ಪಂಜರದೆದುರು ಕುರ್ಚಿ ಹಾಕಿ ಕೂತರೆ ಊಟಕ್ಕೂ ಏಳುತ್ತಿರಲಿಲ್ಲ. ಬಲ್ಬು ಸರಿಸುವುದು, ಕೊಂಬೆ ತಿರುಗಿಸುವುದು, ನೀರು ಚಿಮುಕಿಸುವುದು, ಮತ್ತೆ ಕೂರುವುದು.

ಆಮೇಲೊಂದು ಬೆಳಗ್ಗೆ ಅವರೇ ಹೇಳಿದರು: "ಇದು ಆಗುದಿಲ್ಲ ಮಾರಾಯ್ರೆ. ಇವ ಇಲ್ಲಿ ಬದುಕುದಿಲ್ಲ. ಟಿಕೆಟ್ ಕ್ಯಾನ್ಸಲ್ ಮಾಡ್ತೇನೆ. ವಿಸಿಟ್ ವೀಸಾ ಎಂತಾದ್ರೂ ಮಾಡಿ ಇಲ್ಲೇ ನಿಲ್ತೇನೆ." ಜೇಬಿನಿಂದ ಫೋನು ತೆಗೆದೂ ಆಯಿತು.

ಆಪರೇಷನ್, ಆ ಖಾಲಿ ಕೋಣೆಯಲ್ಲಿ ಕೇಳಿದ ಅಳು ಎಲ್ಲ ನೆನಪಾಯಿತು. ಆಗ ನನಗೆ ಹೊಳೆಯಿತು, ಸಿಟ್ಟಿನಲ್ಲೇ ಹೊಳೆಯಿತು. "ಅಂಕಲ್, ಫೋನ್ ಒಳಗಿಡಿ. ಮನುಷ್ಯರು ಹತ್ರ ಇದ್ರೆ ಅದು ಕಾಯೋದು ಬಿಟ್ಟು ಅಡಗುತ್ತೆ ಅಂತ ನಂಗೆ ಗದರಿದ್ದು ಯಾರು? ಮೂರು ದಿನದಿಂದ ನೀವು ಮೂಗಿನ ಮುಂದೆ ಕೂತಿದ್ದೀರಿ. ಅದು ಹೇಗೆ ಹತ್ತುತ್ತೆ? ಏಳಿ ಮೊದಲು. ಹೊರಗೆ ಬನ್ನಿ."

"ನಾನಾ?" ಎಂದರು. "ನನ್ನ ಪರಿಚಯ ಉಂಟಲ್ಲ ಇವನಿಗೆ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಎದ್ದರು. ತಲೆ ತಗ್ಗಿಸಿಕೊಂಡು ತಮ್ಮ ಮನೆಗೆ ಹೋದರು. ಅಷ್ಟು ಗಟ್ಟಿ ಮನುಷ್ಯ, ಶಾಲೆಯಿಂದ ಹೊರಗೆ ಹಾಕಿದ ಮಗುವಿನಂತೆ ಮೆಟ್ಟಿಲು ಹತ್ತಿದರು.

ನಾನು ಬಾಗಿಲು ಮುಂದೆ ಮಾಡಿ ಅಡುಗೆಗೆ ಹೋದೆ. ಹುಳಿಗೆ ಒಗ್ಗರಣೆ ಹಾಕಿ, ಸದ್ದು ಮಾಡದೆ ಬಂದು ಸಂದಿಯಿಂದ ಇಣುಕಿದೆ. ಗೋಸುಂಬೆ ಕೊಂಬೆಯ ಮೇಲಿತ್ತು. ಕೂಡಲೇ ಫೋನ್ ಮಾಡಿದೆ.

"ಅಂಕಲ್, ಹತ್ತಿದೆ."

"ಕಪ್ಪುಂಟಾ?"

"ದೀಪದ ಕಡೆ ಮಾತ್ರ ಕಪ್ಪು."

"ಮೈ ಅಗಲ ಮಾಡಿದ್ದಾನಾ?"

"ಹಪ್ಪಳ ಅಂಕಲ್, ಹಪ್ಪಳ!"

ಆ ಕಡೆ ಮೂಗು ಸೀಟಿದ ಸದ್ದು. ಆಮೇಲೆ, "ಖಲಾಸ್. ಹಾಗಾದ್ರೆ ನಾನು ಹೋಗಬಹುದು," ಎಂದರು. ಸಂತೋಷದ ಸುದ್ದಿ ಕೊಟ್ಟವಳು ನಾನು, ಆದರೂ ಯಾಕೋ ತಪ್ಪು ಮಾಡಿದಂತೆ ಅನ್ನಿಸಿತು.

ಉಳಿದ ದಿನಗಳಲ್ಲಿ ಅವರು ನಮ್ಮ ಮನೆಗೆ ಬರಲಿಲ್ಲ. ಮೇಲಿನಿಂದಲೇ ಫೋನಿನಲ್ಲಿ ಕೇಳುತ್ತಿದ್ದರು: ತಿಂದನಾ, ಇಳಿದನಾ, ರಾತ್ರಿ ದೀಪ ಆರಿಸಿದಿರಾ. ಊಟಕ್ಕೆ ಕರೆದರೆ ಡಬ್ಬಿಯಲ್ಲಿ ಕಳಿಸಿ ಎಂದರು. ಡಬ್ಬಿ ತೊಳೆದು ಬಾಗಿಲ ಹೊರಗಿಟ್ಟು ಹೋಗುತ್ತಿದ್ದರು. ನಮ್ಮ ಯಜಮಾನರು, "ಏನಿವರು, ಮುನಿಸಾ?" ಎಂದು ಕೇಳಿದರು. ಮುನಿಸಲ್ಲ ಎಂದು ನನಗೆ ಗೊತ್ತಿತ್ತು.

ಹೊರಡುವ ದಿನ ಬೆಳಗ್ಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಎಣ್ಣೆ ಹಾಕಿ ಬಾಚಿದ ತಲೆ. ಊರಿನಲ್ಲಿ ಹೆಂಡತಿ ಆಸ್ಪತ್ರೆಗೆ ಸೇರುವ ದಿನ ಗೊತ್ತಾಗಿತ್ತು. ಟ್ಯಾಕ್ಸಿ ಕೆಳಗೆ ನಿಂತಿತ್ತು, ಯಜಮಾನರು ಪೆಟ್ಟಿಗೆಗಳನ್ನು ಇಳಿಸುತ್ತಿದ್ದರು. "ಒಮ್ಮೆ ನೋಡಿ ಹೋಗುವ ಅಂತ," ಎಂದು ಇವರು ಚಪ್ಪಲಿ ಬಿಟ್ಟು ಒಳಗೆ ಬಂದರು.

"ಈಗಷ್ಟೇ ಕೊಂಬೆ ಹತ್ತಿದೆ ಅಂಕಲ್. ಹೋಗಿ," ಎಂದೆ.

ಬಾಗಿಲನ್ನು ಎರಡು ಬೆರಳಿನಷ್ಟು ಸರಿಸಿ ಹೊರಗೇ ನಿಂತರು. ನಾನು ಅವರ ಹೆಗಲ ಹಿಂದಿನಿಂದ ನೋಡಿದೆ. ಗೋಸುಂಬೆ ಮೈ ಅಗಲಿಸಿ ದೀಪಕ್ಕೆ ಒಡ್ಡಿತ್ತು. ಮೈ ಅಲುಗಲಿಲ್ಲ, ಒಂದು ಕಣ್ಣು ಮಾತ್ರ ನಿಧಾನವಾಗಿ ತಿರುಗಿ ಬಾಗಿಲ ಕಡೆಗೆ ಬಂತು. ಇವರು ಉಸಿರು ಹಿಡಿದು ಹಿಂದಕ್ಕೆ ಸರಿದರು.

"ಒಳಗೆ ಹೋಗಿ ಅಂಕಲ್, ಪರವಾಗಿಲ್ಲ. ಇನ್ನು ಯಾವಾಗ ನೋಡ್ತೀರೋ ಏನೋ," ಎಂದು ಪಿಸುಗುಟ್ಟಿದೆ. ನನಗೆ ಅಳು ಬಂದುಬಿಟ್ಟಿತ್ತು.

"ಬೇಡ," ಎಂದು ಅವರೂ ಪಿಸುಗುಟ್ಟಿದರು. "ಇನ್ನೊಂದು ಬದಿ ಕಾದಿಲ್ಲ."

ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಬರಿಗಾಲಿನಲ್ಲಿ, ಸದ್ದಾಗದ ಹಾಗೆ ನಮ್ಮ ಮನೆಯಿಂದ ಹೊರಗೆ ಹೋದರು. ನಾನು ಅಲ್ಲಿಯೇ ನಿಂತಿದ್ದೆ. ಕೆಳಗೆ ಟ್ಯಾಕ್ಸಿ ಹೊರಟ ಸದ್ದು ಕೇಳಿದಾಗ, ಅದು ಒಂದೊಂದೇ ಕಾಲು ಎತ್ತಿಟ್ಟು ಇನ್ನೊಂದು ಬದಿಯನ್ನು ದೀಪಕ್ಕೆ ತಿರುಗಿಸುತ್ತಿತ್ತು.